ತೋಟದ ಲೆಕ್ಕದಲ್ಲಿ ಮೈಯೂ ಸೇರಲಿ

ಹಗಲು ಶಾಲೆ, ಬೆಳಗ್ಗೆ ಸಂಜೆ ಅಡಿಕೆ ತೋಟ, ಹೀಗೆ ಎರಡು ದುಡಿಮೆಗಳನ್ನು ಹೆಗಲ ಮೇಲೆ ಹೊತ್ತ ಅಧ್ಯಾಪಕರು ನಮ್ಮ ಕಾಸರಗೋಡು ಸೀಮೆಯಲ್ಲಿ ಅನೇಕರಿದ್ದಾರೆ. ಈ ಲೇಖಕನೂ ಅವರಲ್ಲೊಬ್ಬ. ಬ್ಯಾಂಕಿನಲ್ಲಿಯೋ ಸಹಕಾರಿ ಸಂಘದಲ್ಲಿಯೋ ದುಡಿದು ತೋಟವನ್ನೂ ನೋಡಿಕೊಳ್ಳುವವರ ಪಾಡೂ ಇದೇ. ಇಂಥವರನ್ನು ಕಂಡರೆ ಊರಿನವರು, ‘ಕುಳಿತು ಗೊತ್ತಿಲ್ಲದ ಮನುಷ್ಯ’ ಎಂದು ಹೊಗಳುತ್ತಾರೆ. ಈ ಹೊಗಳಿಕೆಯೇ ನಮಗೆ ಮುಳುವಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಕೊಂಚ ಲೆಕ್ಕ ಹಾಕಿ ನೋಡೋಣ. ಶಾಲೆಯಲ್ಲಿ ದಿನಕ್ಕೆ 6 ಗಂಟೆಯಂತೆ ವಾರಕ್ಕೆ 30 ಗಂಟೆ. ಮಕ್ಕಳ ಪುಸ್ತಕ ತಿದ್ದಲು, ಪಾಠದ ಸಿದ್ಧತೆಗೆ 5. ಶಾಲೆಯಿರುವ ದಿನಗಳಲ್ಲಿ ತೋಟಕ್ಕೆ 3 ಗಂಟೆಯಂತೆ 15. ಶನಿವಾರ, ಭಾನುವಾರ 7 ಗಂಟೆಯಂತೆ 14. ಒಟ್ಟು 64 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. ‘ತೋಟ ನಮ್ಮದೇ, ಅದರಲ್ಲಿ ಆಯಾಸವೆಲ್ಲಿ?’ ಎನ್ನುವವರಿದ್ದಾರೆ. ಮನಸ್ಸಿಗೆ ಆ ಮಾತು ಹಿತವಾದೀತು. ಆದರೆ ರಕ್ತನಾಳಕ್ಕೆ ಸ್ವಂತ ತೋಟ, ಪರರ ತೋಟ ಎಂಬ ಭೇದ ತಿಳಿಯದು.

ಎರಡು ದುಡಿಮೆಗಳೂ ಒಟ್ಟಿಗೆ ಮೈಮೇಲೆ ಬೀಳುವುದು ಜೂನ್ ತಿಂಗಳಲ್ಲಿ. ಜೂನ್ ಆರಂಭದಲ್ಲಿ ಶಾಲೆ ತೆರೆಯುವುದು ಕೇರಳದ ವಾಡಿಕೆ; ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನವೂ ಜೂನ್ 1. ಕೊಳೆರೋಗ ತಡೆಯಲು ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಬಿಡತಕ್ಕದ್ದು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಹೀಗಿದ್ದೂ ರಜೆಯೆಲ್ಲ ಕಳೆದು, ಮೋಡ ಕವಿದ ಮೇಲೆ ಮದ್ದು ಬಿಡುವ ಗಡಿಬಿಡಿ ಏಕೆ? ಮೇ ತಿಂಗಳ ಕೊನೆಯ ವಾರಕ್ಕೆ ಮೊದಲೇ ಆಳು ಗೊತ್ತುಮಾಡಿ, ಶಾಲೆ ತೆರೆಯುವ ಮುನ್ನ ಮೊದಲ ಸಿಂಪರಣೆ ಮುಗಿಸಿದರೆ ಅರ್ಧ ಭಾರ ಇಳಿಯಿತು. ಎರಡನೆಯದು 40-45 ದಿನಗಳ ಮೇಲೆ, ಆಟಿ ತಿಂಗಳು ಹಿಡಿಯುವ ಹೊತ್ತಿಗೆ. ಮರವೇರುವವರು ಸಿಗುವುದು ಕಷ್ಟವಾದ ಈ ದಿನಗಳಲ್ಲಿ, ಮೂರು ನಾಲ್ಕು ಮನೆಯವರು ಕೂಡಿ ಒಂದು ಕಾರ್ಬನ್ ಫೈಬರ್ ದೋಟಿ, ಒಂದು ಪಂಪು ಕೊಂಡು, ಸರದಿಯಂತೆ ಪರಸ್ಪರ ತೋಟಗಳಲ್ಲಿ ದುಡಿದರೆ ಒಬ್ಬನ ಸೊಂಟವೇ ಎಲ್ಲ ಭಾರವನ್ನು ಹೊರಬೇಕಾಗಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಜವೇ. ಆದರೆ ಕೆಸರಾದ ಕೈಯನ್ನು ತೊಳೆಯಬೇಡವೆಂದು ಗಾದೆ ಹೇಳಿಲ್ಲ. ಮಳೆಗಾಲದಲ್ಲಿ ಕಣಿಯ ಹೂಳು ತೆಗೆಯುವಾಗ, ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯಕ್ಕೆ ತಗಲಿದರೂ ಇಲಿಜ್ವರ ಬರಬಹುದು. ಗಾಯ ಮುಚ್ಚಿಕೊಂಡು, ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡೇ ಕಣಿಗೆ ಇಳಿಯತಕ್ಕದ್ದು; ಮೇಲೆ ಬಂದೊಡನೆ ಸಾಬೂನಿನಿಂದ ತೊಳೆಯತಕ್ಕದ್ದು. ಮುಂಜಾಗ್ರತೆಯ ಡಾಕ್ಸಿಸೈಕ್ಲಿನ್ ಗುಳಿಗೆಯ ಬಗ್ಗೆ ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಬಹುದು. ಜ್ವರದೊಂದಿಗೆ ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ, ಕಷಾಯ ಕುಡಿದು ಶಾಲೆಗೆ ಹೋಗುವ ಶೌರ್ಯ ಬೇಡ. ಅಂದೇ ವೈದ್ಯರಲ್ಲಿಗೆ ಹೋಗಬೇಕು. ರಕ್ತದೊತ್ತಡವಾದರೋ ಹಲವರಲ್ಲಿ ಯಾವ ಸೂಚನೆಯನ್ನೂ ಕೊಡದೆ ಏರುತ್ತದೆ. ಆದುದರಿಂದ ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಅದನ್ನೂ ರಕ್ತದ ಸಕ್ಕರೆಯನ್ನೂ ನೋಡಿಸಿಕೊಳ್ಳುವುದು ಲೇಸು.

‘ಆಳಿಗೆ ಕೊಡಲು ದುಡ್ಡೆಲ್ಲಿ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವರ್ಷ ಕೊಳೆರೋಗಕ್ಕೆ ಕಾಯಿ ಉದುರಿಸಿದ ಅಡಿಕೆ ಮರ ಮುಂದಿನ ವರ್ಷ ಫಲ ಕೊಟ್ಟೀತು. ಪಾರ್ಶ್ವವಾಯು ಬಡಿದ ಕೈಗೆ ಅಂಥ ಮರುವರ್ಷದ ಭರವಸೆ ಇಲ್ಲ. ನಷ್ಟ ಮನೆಗೆ ಮಾತ್ರವೂ ಅಲ್ಲ. ನಿದ್ದೆಗೆಟ್ಟ ಮಾಸ್ತರರ ಸಿಡುಕನ್ನು ಅನುಭವಿಸುವುದು ಮೂರನೆಯ ತರಗತಿಯ ಮಗು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಒಬ್ಬ ಅಧ್ಯಾಪಕ ಹಾಸಿಗೆ ಹಿಡಿದರೆ ಆ ಜಾಗಕ್ಕೆ ಕನ್ನಡ ಚೆನ್ನಾಗಿ ಬಲ್ಲವರನ್ನು ಹುಡುಕುವುದು ಸುಲಭವೂ ಅಲ್ಲ. ಇನ್ನು, ನಾವು ಐದಕ್ಕೆ ಎದ್ದು ತೋಟಕ್ಕೆ ಇಳಿಯಬೇಕಾದರೆ ಮನೆಯಾಕೆ ನಾಲ್ಕೂವರೆಗೇ ಎದ್ದಿರುತ್ತಾಳೆ. ಅವಳ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ನಮ್ಮ ಲೆಕ್ಕ ತಪ್ಪು.

ಕೃಷಿಕ ಬಂಧುಗಳೇ, ಮೈಲುತುತ್ತಿನ ಬೆಲೆ, ಗೊಬ್ಬರದ ಖರ್ಚು ಬರೆಯುವ ಪುಸ್ತಕದಲ್ಲೇ ವಾರಕ್ಕೆ ಎಷ್ಟು ಗಂಟೆ ದುಡಿದಿರಿ, ಎಷ್ಟು ಗಂಟೆ ಮಲಗಿದಿರಿ ಎಂದು ಒಂದು ಸಾಲು ಬರೆದಿಡಿ. ರಾತ್ರಿ ಏಳು ಗಂಟೆಯ ನಿದ್ದೆ, ಭಾನುವಾರ ಮಧ್ಯಾಹ್ನದ ಮೇಲೆ ತೋಟಕ್ಕೆ ರಜೆ, ಇವೆರಡನ್ನು ಈ ಮಳೆಗಾಲದಿಂದಲೇ ಆರಂಭಿಸೋಣ. ಉಳುವ ಎತ್ತಿಗೂ ನೊಗ ಕಳಚುವ ಹೊತ್ತೆಂದು ಒಂದನ್ನು ಹಿರಿಯರು ಇಟ್ಟಿದ್ದರು. ಒಡೆಯನಿಗೆ ಅಷ್ಟಾದರೂ ಬೇಡವೇ?