ವಾಹನದೊಳಗಿನ ಗೂಢಚಾರ ಯಾರ ಆಳು?

ಜಿಪಿಎಸ್ ಅಳವಡಿಸಿದ ವಾಹನವನ್ನು ಉಪಗ್ರಹವು ಆಕಾಶದಿಂದ ನೋಡುತ್ತಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ವಿದ್ಯಾವಂತರೂ ಹಾಗೆಯೇ ಮಾತನಾಡುತ್ತಾರೆ. ಈ ನಂಬಿಕೆ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಆಕಾಶದ ಯಾವುದೋ ಯಂತ್ರ ತನ್ನನ್ನು ನೋಡುತ್ತಿದೆ ಎಂದು ಭಾವಿಸಿದವನು, ನೆಲದ ಮೇಲೆ ಕುರ್ಚಿ ಹಾಕಿಕೊಂಡು ನೋಡುತ್ತಿರುವ ಮನುಷ್ಯನನ್ನು ಪ್ರಶ್ನಿಸಲು ಹೋಗುವುದೇ ಇಲ್ಲ.

ವಾಸ್ತವದಲ್ಲಿ ಉಪಗ್ರಹಕ್ಕೆ ನಮ್ಮ ವಾಹನದ ಪರಿವೆಯೇ ಇಲ್ಲ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. ತಾನು ಯಾವ ಉಪಗ್ರಹ, ಎಲ್ಲಿದ್ದೇನೆ, ಈಗ ಸಮಯವೆಷ್ಟು ಎಂಬುದನ್ನು ಎಡೆಬಿಡದೆ ಸಾರುತ್ತಿರುವುದಷ್ಟೇ ಅದರ ಕೆಲಸ. ವಾಹನದಲ್ಲಿರುವ ಸಾಧನವು ಆ ಸಂಕೇತವನ್ನು ಆಲಿಸಿ, ಅದು ತಲುಪಲು ತಗುಲಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಸಂಕೇತವು ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಬರುವುದರಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಎಡವಿದರೂ 300 ಮೀಟರ್ ವ್ಯತ್ಯಾಸವಾಗುತ್ತದೆ. ಆದ್ದರಿಂದ ಏಕಕಾಲಕ್ಕೆ ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು. ಸ್ಥಾನವನ್ನು ತಿಳಿಯಲು ಮೂರು; ಸಾಧನದೊಳಗಿನ ಅಗ್ಗದ ಗಡಿಯಾರದ ದೋಷ ಸರಿಪಡಿಸಲು ಇನ್ನೊಂದು. ಇಷ್ಟೆಲ್ಲ ಆದರೂ ಉಪಗ್ರಹಕ್ಕೆ ಏನೂ ತಿಳಿಯುವುದಿಲ್ಲ. ವಾರ್ತೆ ಕೇಳುತ್ತಿರುವವನ ಮನೆ ಯಾವುದೆಂದು ಆಕಾಶವಾಣಿಗೆ ತಿಳಿಯದು, ಅಷ್ಟೇ.

ಹಾಗಾದರೆ ಸುದ್ದಿ ಮುಟ್ಟಿಸುವವರು ಯಾರು? ಅದೇ ಪೆಟ್ಟಿಗೆಯೊಳಗೆ ಕುಳಿತಿರುವ ಸಿಮ್. ನಮ್ಮ ಜೇಬಿನ ಮೊಬೈಲಿನಂತೆಯೇ ಅದು ಸಮೀಪದ ಟವರಿಗೆ ಜೋತುಬಿದ್ದು, ಸ್ಥಾನ, ವೇಗ, ದಿಕ್ಕು, ಸಮಯ, ಇಂಜಿನ್ ಚಾಲೂ ಇದೆಯೋ ಇಲ್ಲವೋ ಎಂಬುದನ್ನೆಲ್ಲ ನಿಗದಿತ ಅವಧಿಗೊಮ್ಮೆ ಒಂದು ಸರ್ವರಿಗೆ ಕಳುಹಿಸುತ್ತದೆ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮಾಹಿತಿಯನ್ನು ತನ್ನಲ್ಲೇ ಕೂಡಿಟ್ಟು, ನೆಟ್‌ವರ್ಕ್ ಸಿಕ್ಕಿದೊಡನೆ ಒಟ್ಟಾಗಿ ಒಪ್ಪಿಸುತ್ತದೆ. ನೆಲಮಾಳಿಗೆಯಲ್ಲಿ ಉಪಗ್ರಹದ ಸಂಕೇತ ಸಿಗದಿದ್ದರೂ ಟವರಿನ ಗುರುತಿನಿಂದ ಅಂದಾಜು ಜಾಗ ತಿಳಿಯುತ್ತದೆ. ವಾಹನದ ಬ್ಯಾಟರಿ ಕಳಚಿದರೆ ಒಳಗಿನ ಪುಟ್ಟ ಬ್ಯಾಟರಿಯ ಬಲದಿಂದ ಅದನ್ನೂ ವರದಿ ಮಾಡುತ್ತದೆ. ಕೆಲವು ಸಾಧನಗಳ ಮೂಲಕ ದೂರದಿಂದಲೇ ಇಂಜಿನನ್ನು ನಿಲ್ಲಿಸಲೂ ಸಾಧ್ಯ. ಕಳವಾದ ವಾಹನವನ್ನು ಹುಡುಕಲು, ಶಾಲಾ ಬಸ್ಸು ಎಲ್ಲಿದೆಯೆಂದು ತಿಳಿಯಲು ಇದು ನಿಜಕ್ಕೂ ಉಪಕಾರಿ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ನಮ್ಮ ತಕರಾರು ಸರ್ವರಿನಲ್ಲಿ ಬೆಳೆಯುವ ದಿನಚರಿಯ ಕುರಿತು. ಒಬ್ಬನು ಸುಬ್‌ಹಿ ನಮಾಝಿಗೆ ಯಾವ ಮಸೀದಿಗೆ ಹೋಗುತ್ತಾನೆ, ಯಾವ ವಕೀಲರ ಕಚೇರಿಯ ಮುಂದೆ ಒಂದು ಗಂಟೆ ನಿಂತಿದ್ದ, ಯಾವ ಸಭೆಯ ದಿನ ಯಾವ ಮೈದಾನದ ಬಳಿ ಇದ್ದ, ಯಾವ ವೈದ್ಯರಲ್ಲಿಗೆ ಪತ್ನಿಯನ್ನು ಕರೆದೊಯ್ದ - ಒಂದು ತಿಂಗಳ ದಾಖಲೆ ಸಾಕು, ಒಂದು ಕುಟುಂಬದ ಧರ್ಮ, ರಾಜಕೀಯ, ಕಾಯಿಲೆ ಎಲ್ಲವನ್ನೂ ಓದಿಬಿಡಬಹುದು.

ಇದು ನಮ್ಮ ಕಲ್ಪನೆಯಲ್ಲ. 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 20 ವರ್ಷದ ಅರಬ್ ಮೂಲದ ವಿದ್ಯಾರ್ಥಿಯೋರ್ವ ಕಾರಿನ ಆಯಿಲ್ ಬದಲಿಸಲು ಗ್ಯಾರೇಜಿಗೆ ಹೋದಾಗ ಕಾರಿನಡಿ ಒಂದು ಸಾಧನ ಅಂಟಿಕೊಂಡಿರುವುದು ಕಂಡುಬಂತು. ಕೆಲವೇ ದಿನಗಳಲ್ಲಿ ಎಫ್‌ಬಿಐಯವರು ಮನೆಗೇ ಬಂದು ತಮ್ಮ ವಸ್ತುವನ್ನು ಹಿಂದಿರುಗಿಸುವಂತೆ ಕೇಳಿದರು! ಅಪರಾಧದ ಆರೋಪವೇ ಇಲ್ಲದ ಯುವಕನ ಕಾರಿನಡಿ ಆ ವಸ್ತು ಏಕಿತ್ತು ಎಂದು ಕೇಳಬೇಕಾದವನು ಅವನಾಗಿದ್ದ. ಮರುವರ್ಷಗಳಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಮಾದಕ ವಸ್ತು ಪ್ರಕರಣವೊಂದು ಬಂತು. ಪೊಲೀಸರು ಸಿಂಧುವಾದ ವಾರಂಟ್ ಇಲ್ಲದೆ ಆರೋಪಿ ಬಳಸುತ್ತಿದ್ದ ಜೀಪಿಗೆ ಸಾಧನ ಅಂಟಿಸಿ 28 ದಿನ ಹಿಂಬಾಲಿಸಿದ್ದರು. ಅದು ಸಂವಿಧಾನದ ಅರ್ಥದಲ್ಲಿ 'ಶೋಧ'ವೇ ಎಂದು 2012ರ ಜನವರಿಯಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ತೀರ್ಪಿತ್ತರು. ಇಂತಹ ದಾಖಲೆಯಿಂದ ಯಾವ ಯಾವ ಖಾಸಗಿ ಭೇಟಿಗಳು ಬಯಲಾಗುತ್ತವೆ ಎಂಬುದರ ಪಟ್ಟಿಯನ್ನು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ನೀಡಿದ್ದಾರೆ. ಅದರಲ್ಲಿ ಮಸೀದಿಯೂ ಇದೆ.

ನಮ್ಮ ದೇಶದಲ್ಲಿ ಈ ಸಾಧನ ಬಂದದ್ದು ಮಹಿಳಾ ಸುರಕ್ಷತೆಯ ಹೆಸರಿನಲ್ಲಿ. 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದ ಬರ್ಬರ ಕೃತ್ಯದ ಬಳಿಕ ಈ ಬೇಡಿಕೆಗೆ ಬಲ ಬಂತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125ಎಚ್ ಎಂಬ ನಿಯಮ ಸೇರಿತು. 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವಾ ವಾಹನಗಳಿಗೆ ಈ ಸಾಧನ ಮತ್ತು ಆಪತ್ತಿನ ಗುಂಡಿ ಕಡ್ಡಾಯವಾದವು. ಆಟೋರಿಕ್ಷಾಗಳಿಗೆ ವಿನಾಯಿತಿ ದೊರೆಯಿತು. ಸಾಧನವು ಕನಿಷ್ಠ ಎರಡು ವಿಳಾಸಗಳಿಗೆ ಮಾಹಿತಿ ಕಳುಹಿಸುವಂತಿರಬೇಕು. ಒಂದು ನಿಯಂತ್ರಣ ವ್ಯವಸ್ಥೆಗೆ, ಇನ್ನೊಂದು ಆಪತ್ಕಾಲೀನ ನೆರವಿಗೆ. 2023ರಲ್ಲಿ ಕರ್ನಾಟಕ ಸರಕಾರವು ಹಳೆಯ ವಾಹನಗಳಿಗೂ ಅಳವಡಿಸುವಂತೆ ಆದೇಶಿಸಿ, ತೆರಿಗೆ ಹೊರತಾಗಿ 7,599 ರೂಪಾಯಿ ದರ ನಿಗದಿಪಡಿಸಿತು. ಸಾಲ ಮಾಡಿ ಟ್ಯಾಕ್ಸಿ ಕೊಂಡವನು ಈ ಹಣವನ್ನೂ ತೆರಬೇಕು. ಗುಂಡಿ ಒತ್ತಿದ ಹೆಣ್ಣುಮಗಳ ಬಳಿಗೆ ಪೊಲೀಸರು ಎಷ್ಟು ನಿಮಿಷಗಳಲ್ಲಿ ಬರಬೇಕು ಎಂಬ ಹೊಣೆಯನ್ನು ಮಾತ್ರ ಅವನ ಹಣದಿಂದ ಕೊಳ್ಳಲಾಗದು. ಗುಂಡಿಯ ಆಚೆ ಬದಿಯಲ್ಲಿ ಎಚ್ಚರದಿಂದಿರುವ ಮನುಷ್ಯನಿಲ್ಲದಿದ್ದರೆ ಆ ಗುಂಡಿಯಿಂದ ಏನು ಪ್ರಯೋಜನ?

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರ ಜುಲೈ 8ರಂದು ಫ್ರಾಂಕ್ ವೈಟಸ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರು, ಜಾಮೀನು ಪಡೆದವನ ಪ್ರತಿ ಚಲನವಲನವನ್ನು ಪೊಲೀಸರು ಹಿಂಬಾಲಿಸುವಂತಹ ಷರತ್ತು ವಿಧಿಸಕೂಡದು, ಅದು 21ನೇ ವಿಧಿಯ ಉಲ್ಲಂಘನೆ ಎಂದರು. ಇದಕ್ಕೆ ಕೆಲವೇ ತಿಂಗಳ ಹಿಂದೆ, 2023ರ ನವೆಂಬರಿನಲ್ಲಿ, ಜಮ್ಮು-ಕಾಶ್ಮೀರದ ಪೊಲೀಸರು ಜಾಮೀನು ಪಡೆದ ಯುಎಪಿಎ ಆರೋಪಿಯ ಕಾಲಿಗೆ ಜಿಪಿಎಸ್ ಬಳೆ ತೊಡಿಸಿದ್ದರು. ವಾಹನಕ್ಕೆಂದು ಬಂದ ತಂತ್ರ ಮನುಷ್ಯನ ಕಾಲಿಗೆ ಏರಲು ಹೆಚ್ಚು ಕಾಲ ಬೇಕಾಗಲಿಲ್ಲ. 2023ರಲ್ಲೇ ಸಂಸತ್ತು ಅಂಗೀಕರಿಸಿದ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೂ ರಕ್ಷಿಸೀತೇ? ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಸರಕಾರಿ ಸಂಸ್ಥೆಗಳನ್ನು ಅದರ ವ್ಯಾಪ್ತಿಯಿಂದಲೇ ಹೊರಗಿಡುವ ಅಧಿಕಾರವನ್ನು ಅದರ 17ನೇ ಕಲಮು ಕೇಂದ್ರಕ್ಕೆ ಕೊಟ್ಟಿದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಯಾರಿಂದ ರಕ್ಷಣೆ ಬೇಕೋ ಅವರ ಕೈಗೇ ಇತ್ತಂತಾಯಿತು.

ಅದೇ ಕಾಯ್ದೆ ಇನ್ನೊಂದು ಕಡೆಯೂ ಕಾಲಿಡುವುದಿಲ್ಲ: ವ್ಯಕ್ತಿಯೊಬ್ಬ ತನ್ನ ಮನೆಯ ಮಟ್ಟಿಗೆ ನಡೆಸುವ ಖಾಸಗಿ ಬಳಕೆ. ಇಲ್ಲಿ ನಾವು ನಮ್ಮ ಮನೆಗಳತ್ತಲೂ ತಿರುಗಬೇಕಾಗಿದೆ. ಸರಕಾರ ತನ್ನನ್ನು ಹಿಂಬಾಲಿಸುತ್ತಿದೆಯೆಂದು ಮಸೀದಿಯ ಅಂಗಳದಲ್ಲಿ ಆಕ್ರೋಶ ವ್ಯಕ್ತಪಡಿಸುವವನೇ ಮಗಳ ಸ್ಕೂಟರಿನ ಸೀಟಿನಡಿ ಆಕೆಗೆ ತಿಳಿಯದಂತೆ ಸಾಧನವಿರಿಸುತ್ತಾನೆ. ಗಲ್ಫಿನಲ್ಲಿರುವ ಪತಿ ಊರಿನಲ್ಲಿರುವ ಪತ್ನಿಯ ಕಾರು ಯಾವ ಬೀದಿಯಲ್ಲಿದೆಯೆಂದು ಮೊಬೈಲಿನಲ್ಲಿ ನೋಡುತ್ತಾನೆ. ಮಗನ ಬೈಕಿಗೆ ಮಾತ್ರ ಇದೇನೂ ಬೇಕಾಗುವುದಿಲ್ಲ! ಇದಕ್ಕೆ ಸುರಕ್ಷತೆಯ ಹೆಸರಿಡುವುದು ಸುಲಭ. ಸುರಕ್ಷತೆಯೇ ಉದ್ದೇಶವಾಗಿದ್ದರೆ ಮಗಳೊಡನೆ ಹೇಳಿಯೇ ಅಳವಡಿಸಬಹುದಿತ್ತು, ಆಪತ್ತಿನಲ್ಲಿ ಯಾವ ಗುಂಡಿ ಒತ್ತಬೇಕೆಂದು ಕಲಿಸಬಹುದಿತ್ತು.

ಅತಿಯಾದ ಗುಮಾನಿಯನ್ನೂ ಇತರರ ಗುಟ್ಟು ಕೆದಕುವುದನ್ನೂ ಪವಿತ್ರ ಕುರ್‌ಆನ್ ಅಲ್‌ಹುಜುರಾತ್ ಅಧ್ಯಾಯದ 12ನೇ ಸೂಕ್ತದಲ್ಲಿ ನಿಷೇಧಿಸಿದೆ. ಆ ಆಜ್ಞೆಯಲ್ಲಿ ಆಳುವವರಿಗೆ ಬೇರೆ, ತಂದೆಗೆ ಬೇರೆ, ಪತಿಗೆ ಬೇರೆ ಎಂಬ ವಿಂಗಡಣೆ ಇಲ್ಲ. ದ್ವಿತೀಯ ಖಲೀಫ ಹಝ್ರತ್ ಉಮರ್(ರ) ರಾತ್ರಿ ಗಸ್ತಿನಲ್ಲಿ ಒಂದು ಮನೆಯ ಗೋಡೆಯೇರಿ ಒಳಗಿಳಿದು ತಪ್ಪಿತಸ್ಥನನ್ನು ಹಿಡಿದ ಪ್ರಸಂಗವನ್ನು ನಮ್ಮ ಖತೀಬರು ಹೇಳುತ್ತಿರುತ್ತಾರೆ. ತಾನು ಮಾಡಿದ ತಪ್ಪು ಒಂದಾದರೆ ಖಲೀಫರು ಮಾಡಿದ್ದು ಮೂರು - ಗುಟ್ಟು ಕೆದಕಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ - ಎಂದು ಆತ ಎತ್ತಿ ಹೇಳಿದ. ಖಲೀಫರು ಅದನ್ನು ಒಪ್ಪಿ ಹಿಂದಿರುಗಿದರು ಎಂದಿದೆ. ಸೀಟಿನಡಿಯ ಸಾಧನವು ಗೋಡೆ ಹತ್ತುವುದಕ್ಕಿಂತ ಯಾವ ರೀತಿಯಲ್ಲಿ ಭಿನ್ನ?

ಇನ್ನು, ಟ್ಯಾಕ್ಸಿ, ಲಾರಿ ನಡೆಸುವ ನಮ್ಮ ಸಹೋದರರಿಗೆ ಸಾಧನ ಬೇಡವೆನ್ನುವ ಆಯ್ಕೆಯೇ ಹೆಚ್ಚಿಲ್ಲ. ಅವರಿಗೆ ಅದರಿಂದ ಲಾಭವೂ ಇದೆ. ದಾರಿಯಲ್ಲಿ ತಡೆದು ಹಲ್ಲೆ ನಡೆಸಿದವರು ಚಾಲಕನ ಮೇಲೆಯೇ ಪ್ರತಿದೂರು ಕೊಟ್ಟಾಗ, ವಾಹನ ಎಷ್ಟು ಹೊತ್ತಿಗೆ ಎಲ್ಲಿ ನಿಂತಿತು ಎಂಬ ದಾಖಲೆ ಅವನ ಪರ ಸಾಕ್ಷಿಯಾಗಬಲ್ಲದು. ಆದರೆ ಮೊಬೈಲಿನ ಪರದೆಯ ಚಿತ್ರ ತೆಗೆದು ವಕೀಲರಿಗೆ ಕೊಟ್ಟರೆ ಸಾಲದು. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಕಾನೂನುಬದ್ಧ ಪ್ರಮಾಣಪತ್ರ ಬೇಕೆಂದು 2020ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲೂ ಈ ನಿಬಂಧನೆ ಇದೆ. ದಾಖಲೆಯಿರುವುದು ಕಂಪೆನಿಯ ಸರ್ವರಿನಲ್ಲಿ. ಆದ್ದರಿಂದ ಚಾಲಕನು ಕಂಪೆನಿಯ ಬಾಗಿಲು ತಟ್ಟಲೇಬೇಕು. ಅದು ಅಳಿಸಿಹೋದ ಬಳಿಕ ತಟ್ಟಿ ಫಲವಿಲ್ಲ.

ಹೀಗಾಗಿ ಸಾಧನ ಕೊಳ್ಳುವ ದಿನವೇ ಮೂರು ಸಂಗತಿಗಳನ್ನು ಕಂಪೆನಿಯಿಂದ ಬರಹದಲ್ಲಿ ಪಡೆಯಬೇಕು: ದಾಖಲೆಯನ್ನು ಎಷ್ಟು ಕಾಲ ಉಳಿಸುತ್ತಾರೆ, ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ, ಬೇರೆಯವರು ದಾಖಲೆ ಕೇಳಿದಾಗ ಯಾವ ಆದೇಶ ನೋಡಿ ಕೊಡುತ್ತಾರೆ. ಒಬ್ಬ ಚಾಲಕ ಕೇಳಿದರೆ ಅಂಗಡಿಯವನು ನಕ್ಕು ಕಳುಹಿಸಬಹುದು. ಊರಿನ ಟ್ಯಾಕ್ಸಿ ಮಾಲಕರ ಸಂಘ ಒಟ್ಟಾಗಿ ಕೇಳಲಿ. ಜಮಾಅತ್ ಸಮಿತಿಗಳಲ್ಲಿರುವ ವಕೀಲರು ಆ ಪತ್ರವನ್ನು ಬರೆದುಕೊಡಲಿ.