ಶುಲ್ಕ ಕಟ್ಟಿದರೆ ಕಂಬ ಗಟ್ಟಿಯಾದೀತೇ?

2023ರ ಫೆಬ್ರವರಿ 6ರಂದು ತುರ್ಕಿಯ ಕಹ್ರಮಾನ್‌ಮರಾಶ್ ಪ್ರದೇಶದಲ್ಲಿ ನಸುಕಿಗೊಮ್ಮೆ, ಮಧ್ಯಾಹ್ನ ಮತ್ತೊಮ್ಮೆ ಸಂಭವಿಸಿದ ಭೀಕರ ಭೂಕಂಪಗಳು ತುರ್ಕಿಯೊಂದರಲ್ಲೇ 53 ಸಾವಿರಕ್ಕೂ ಅಧಿಕ ಮಂದಿಯನ್ನು ಬಲಿ ತೆಗೆದುಕೊಂಡವು. ನೆರೆಯ ಸಿರಿಯಾದಲ್ಲೂ ಸಾವಿರಾರು ಮಂದಿ ಮಡಿದರು. ಎರಡು ದಿನಗಳ ಬಳಿಕ ಸ್ಥಳಕ್ಕೆ ಭೇಟಿ ನೀಡಿದ ಅಧ್ಯಕ್ಷ ಉರ್ದುಗಾನ್, ಇವೆಲ್ಲ ವಿಧಿಯ ಯೋಜನೆಯಲ್ಲಿರುವಂಥವು ಎಂಬರ್ಥದ ಮಾತನ್ನಾಡಿದರು. ಭೂಮಿ ಯಾವಾಗ ಕಂಪಿಸಬೇಕೆಂಬುದು ಮನುಷ್ಯನ ಕೈಯಲ್ಲಿಲ್ಲ, ನಿಜ. ಆದರೆ ಕಂಬದೊಳಗೆ ಎಷ್ಟು ಕಬ್ಬಿಣವಿರಬೇಕೆಂಬುದು ಖಂಡಿತ ಅವನ ಕೈಯಲ್ಲಿದೆ. ಅದನ್ನೂ ವಿಧಿಯ ಲೆಕ್ಕಕ್ಕೆ ಬರೆಯುವುದನ್ನು ನಾವು ಒಪ್ಪಲಾರೆವು.

1999ರ ಭೂಕಂಪದಲ್ಲಿ 17 ಸಾವಿರಕ್ಕೂ ಹೆಚ್ಚು ಜನರನ್ನು ಕಳಕೊಂಡಿದ್ದ ತುರ್ಕಿಗೆ ಅರಿವಿನ ಕೊರತೆಯಿರಲಿಲ್ಲ. ಅದರ ಕಟ್ಟಡ ಸಂಹಿತೆ ಯಾವ ಮುಂದುವರಿದ ರಾಷ್ಟ್ರಕ್ಕೂ ಕಡಿಮೆಯದ್ದಲ್ಲ. ಆದರೆ 2018ರಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ನಿಯಮ ಮೀರಿ ಕಟ್ಟಿದ ಕಟ್ಟಡಗಳಿಗೆ ಶುಲ್ಕ ಪಡೆದು ಕ್ಷಮಾದಾನ ನೀಡಲಾಯಿತು. ಭೂಕಂಪವನ್ನು ತಾಳಿಕೊಳ್ಳುವ ಹೊಣೆ ಮಾಲಕನದ್ದೇ ಎಂದು ಕಾನೂನಿನಲ್ಲಿ ಬರೆದು ಸರಕಾರ ಕೈತೊಳೆದುಕೊಂಡಿತು. 2019ರಲ್ಲಿ ಇದೇ ಮರಾಶ್ ನಗರದ ಸಭೆಯಲ್ಲಿ, ಇಲ್ಲಿನ 1 ಲಕ್ಷ 44 ಸಾವಿರ ಮಂದಿಯ ಸಮಸ್ಯೆ ಬಗೆಹರಿಸಿದೆವೆಂದು ಉರ್ದುಗಾನ್ ಹೆಮ್ಮೆಪಟ್ಟಿದ್ದರು. ಅವರ ಬಗ್ಗೆ ನಮ್ಮವರಲ್ಲಿ ಅನೇಕರಿಗೆ ಅಭಿಮಾನವಿದೆ. ಇರಲಿ. ಆ ಅಭಿಮಾನ ಈ ಪ್ರಶ್ನೆಯನ್ನು ನುಂಗಬಾರದು.

ನಮ್ಮಲ್ಲಿ ಸ್ಥಿತಿ ಬೇರೆಯೇ? 2001ರ ಜನವರಿ 26ರಂದು ಕಛ್‌ನಲ್ಲಿ ಭೂಮಿ ಕಂಪಿಸಿದಾಗ 200 ಕಿ.ಮೀ.ಗೂ ದೂರದ ಅಹ್ಮದಾಬಾದಿನಲ್ಲಿ ಬಹುಮಹಡಿ ವಸತಿ ಕಟ್ಟಡಗಳು ಕುಸಿದವು. ವಾಹನ ನಿಲ್ಲಿಸಲೆಂದು ಅವುಗಳ ನೆಲಅಂತಸ್ತನ್ನು ಗೋಡೆಗಳಿಲ್ಲದೆ ಬರೀ ಕಂಬಗಳ ಮೇಲೆ ಬಿಡಲಾಗಿತ್ತು. ಮೇಲಿನ ಮಹಡಿಗಳು ಗೋಡೆಗಳ ಬಲದಿಂದ ಒಂದೇ ಪೆಟ್ಟಿಗೆಯಂತೆ ಓಲಾಡುತ್ತವೆ. ಬಾಗುವ ಕೆಲಸವೆಲ್ಲ ಕೆಳಗಿನ ಕಂಬಗಳ ಪಾಲಿಗೆ ಬರುತ್ತದೆ. ಕಂಬದ ಸರಳುಗಳನ್ನು ಬಿಗಿದಿಡುವ ರಿಂಗ್‌ಗಳು ವಿರಳವಾಗಿದ್ದರೆ, ಅವುಗಳ ತುದಿಯನ್ನು ಒಳಕ್ಕೆ ಮಡಚದೆ ಬಿಟ್ಟಿದ್ದರೆ, ಕಾಂಕ್ರೀಟು ಒಡೆದು ಕಂಬ ಕುಳಿತುಬಿಡುತ್ತದೆ. ರಿಂಗ್ ಕಟ್ಟುವಾಗ ಉಳಿಸಿದ ಹಣವೆಷ್ಟು! ಇನ್ನು ನಮ್ಮ ಪೇಟೆಗಳಲ್ಲಿ ಅಂಗಡಿಯ ಮುಂಭಾಗ ಅಗಲವಾಗಲೆಂದು ಕಂಬವನ್ನೇ ಕೆತ್ತಿಸುವವರಿಗೂ ಕೊರತೆಯಿಲ್ಲ.

ಕರ್ನಾಟಕಕ್ಕೆ ಭೂಕಂಪದ ಭಯ ಕಡಿಮೆ ಎಂಬುದು ನಿಜವೇ. ಆದರೆ 1993ರಲ್ಲಿ ನೆಲಸಮವಾದ, ನಮ್ಮ ಗಡಿಯಿಂದ ಬಹುದೂರವೇನಲ್ಲದ ಲಾತೂರಿನ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಇಲ್ಲಿಯೂ ಅಕ್ರಮ-ಸಕ್ರಮದ ಹೆಸರಿನಲ್ಲಿ, ವಸತಿ ಕಟ್ಟಡಗಳ ಶೇ. 50ರ ವರೆಗಿನ ಉಲ್ಲಂಘನೆಯನ್ನು ದಂಡ ಪಡೆದು ಮನ್ನಿಸಲು ಸರಕಾರ ಹೊರಟಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಬಡವನ ಸೂರನ್ನು ಕೆಡವಿರೆಂದು ನಾವು ಹೇಳುತ್ತಿಲ್ಲ. ಇಂತಹ ಯೋಜನೆ ಮತ್ತೆ ಬರುವುದಾದರೆ, ದಂಡದ ರಶೀದಿಗಿಂತ ಮೊದಲು ಕಟ್ಟಡದ ಬಲವನ್ನು ಪರೀಕ್ಷಿಸಿದ ಇಂಜಿನಿಯರರ ವರದಿ ಕಡ್ಡಾಯವಾಗಲಿ. ಅದು ಶಾಲೆ, ಆಸ್ಪತ್ರೆಗಳಿಂದ ಆರಂಭವಾಗಲಿ. ಚಂದಾ ಸೇರಿದಂತೆಲ್ಲ ಒಂದೊಂದು ಮಹಡಿ ಏರಿಸಿಕೊಂಡ ನಮ್ಮ ಮದ್ರಸಗಳನ್ನು ಅದರಿಂದ ಹೊರಗಿಡಿರೆಂದು ನಾವು ಕೇಳುವುದಿಲ್ಲ.