ಹೋಮ್ ಥಿಯೇಟರ್ ಸ್ಪೀಕರ್: ಯಾವುದನ್ನು ಕೊಳ್ಳಬೇಕು, ಎಲ್ಲಿಡಬೇಕು?

ಕೆಲವು ದಿನಗಳ ಹಿಂದೆ ಬೂದಿಗೆರೆಯ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಹೊಸದಾಗಿ ಕಟ್ಟಿಸಿದ ಮನೆ. 12 ಅಡಿ ಅಗಲ, 16 ಅಡಿ ಉದ್ದದ ಹಾಲ್, ನೆಲಕ್ಕೆ ಹೊಳೆಯುವ ಟೈಲ್ಸ್, ಗೋಡೆಗೆ ದೊಡ್ಡ ಟಿವಿ, ಜೊತೆಗೆ 5.1 ಹೋಮ್ ಥಿಯೇಟರ್ ಸೆಟ್. ಐದು ಸ್ಪೀಕರ್‌ಗಳೂ ಶೋಕೇಸಿನಲ್ಲಿ ಬೊಂಬೆಗಳ ನಡುವೆ ಕುಳಿತಿದ್ದವು. ವೂಫರ್ ಸೋಫಾದ ಹಿಂದಿನ ಮೂಲೆ ಸೇರಿತ್ತು.

ಸಿನಿಮಾ ಶುರುವಾಯಿತು. ಫೈಟಿಂಗ್ ಬಂದಾಗ ಕಿಟಕಿಯ ಗಾಜು ಅದುರಿತು. ಮಾತು ಬಂದಾಗಲೆಲ್ಲ ಮನೆಯ ತಾತ "ಏನಂದ?" ಎಂದು ಕೇಳುತ್ತಿದ್ದರು. ಮೊಮ್ಮಗ ರಿಮೋಟ್ ಹಿಡಿದು ವಾಲ್ಯೂಮ್ ಏರಿಸಿದ. "ಸದ್ದೇನೋ ಜೋರಾಗೈತೆ ಕಣಪ್ಪ, ಮಾತೇ ತಿಳೀತಿಲ್ಲ" ಅಂದರು ತಾತ. ಇದಕ್ಕಿಂತ ದೊಡ್ಡ ಸೆಟ್ ತರೋಣ ಎಂದು ಮನೆಯವರು ಆಗಲೇ ಲೆಕ್ಕ ಹಾಕುತ್ತಿದ್ದರು.

ದುಡ್ಡು ಖರ್ಚು ಮಾಡುವ ಮೊದಲು ಒಂದು ಅಳತೆ ಟೇಪು ಕೊಡಿ ಎಂದು ಕೇಳಿದೆವು. ಏಕೆಂದರೆ ಇಂತಹ ಬಹುತೇಕ ಮನೆಗಳಲ್ಲಿ ಸೆಟ್ ಚೆನ್ನಾಗಿಯೇ ಇರುತ್ತದೆ, ಅದನ್ನು ಇಟ್ಟ ಜಾಗ ಮಾತ್ರ ತಪ್ಪಾಗಿರುತ್ತದೆ.

5.1 ಎಂದರೇನು?

5 ಎಂದರೆ ಐದು ಸ್ಪೀಕರ್: ಮುಂದೆ ಎಡ, ನಡು ಮತ್ತು ಬಲ, ಪಕ್ಕದಲ್ಲಿ ತುಸು ಹಿಂದಕ್ಕೆ ಎರಡು ಸರೌಂಡ್. 1 ಎಂದರೆ ತಗ್ಗಿನ ಸದ್ದಿಗೆ ಮೀಸಲಾದ ಸಬ್‌ವೂಫರ್. ಸಿನಿಮಾದ ಸದ್ದನ್ನು ಆರು ಬೇರೆ ಬೇರೆ ದಾರಿಗಳಲ್ಲಿ ಮುದ್ರಿಸಿರುತ್ತಾರೆ. ಮಾತಿನ ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಮಳೆ, ಜನರ ಗದ್ದಲ, ಹಿಂದಿನಿಂದ ಹಾದುಹೋಗುವ ವಾಹನದ ಸದ್ದು ಇವೆಲ್ಲ ಸರೌಂಡ್ ಸ್ಪೀಕರ್‌ಗಳ ಪಾಲು. 1992ರಲ್ಲಿ ಡಾಲ್ಬಿ ಡಿಜಿಟಲ್ ಮೂಲಕ ಚಿತ್ರಮಂದಿರಗಳಿಗೆ ಬಂದ ಈ ವ್ಯವಸ್ಥೆ ನಂತರ ಮನೆಗಳಿಗೂ ಇಳಿಯಿತು. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಇದರ ಜೊತೆಗೆ ತಲೆಯ ಮೇಲಿನಿಂದಲೂ ಸದ್ದು ಕೊಡುತ್ತದೆ. 5.1.2 ಎಂದು ಬರೆದಿದ್ದರೆ ಕೊನೆಯ 2 ಆ ಮೇಲಿನ ಸ್ಪೀಕರ್‌ಗಳ ಲೆಕ್ಕ.

ಕಿವಿಗೆ ದಿಕ್ಕು ಹೇಗೆ ತಿಳಿಯುತ್ತದೆ?

ಕಣ್ಣು ಮುಚ್ಚಿ ಕುಳಿತರೂ ಅಡುಗೆಮನೆಯಲ್ಲಿ ಪಾತ್ರೆ ಬಿದ್ದದ್ದು ಯಾವ ಕಡೆ ಎಂದು ನಮಗೆ ಗೊತ್ತಾಗುತ್ತದೆ. ಎಡಗಡೆಯ ಸದ್ದು ಎಡಕಿವಿಯನ್ನು ಮೊದಲು ಮುಟ್ಟಿ, ನಂತರ ಬಲಕಿವಿಯನ್ನು ಮುಟ್ಟುತ್ತದೆ. ಈ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ತಲೆ ಅಡ್ಡ ಬರುವುದರಿಂದ ದೂರದ ಕಿವಿಗೆ ಸದ್ದು ತುಸು ಸಣ್ಣದಾಗಿಯೂ ಕೇಳುತ್ತದೆ. ಈ ಎರಡು ಸುಳಿವುಗಳಿಂದ ಮಿದುಳು ದಿಕ್ಕನ್ನು ಗುರುತಿಸುತ್ತದೆ.

ಒಂದೇ ಸದ್ದು ಎರಡು ಕಡೆಯಿಂದ ತುಸು ಹಿಂದೆಮುಂದೆ ಬಂದರೆ ಮಿದುಳು ಮೊದಲು ಬಂದದ್ದರ ದಿಕ್ಕನ್ನೇ ನಂಬುತ್ತದೆ. ಜರ್ಮನಿಯ ಹೆಲ್ಮಟ್ ಹಾಸ್ ಇದನ್ನು ಅಧ್ಯಯನ ಮಾಡಿದ್ದರಿಂದ ಇದಕ್ಕೆ ಹಾಸ್ ಪರಿಣಾಮ ಎಂಬ ಹೆಸರು ಬಂದಿದೆ. ಸ್ಪೀಕರ್ ಇಡುವ ಜಾಗಕ್ಕೆ ಇಷ್ಟೊಂದು ಮಹತ್ವ ಬರುವುದು ಇದರಿಂದಲೇ. ಐದೂ ಸ್ಪೀಕರ್‌ಗಳನ್ನು ಶೋಕೇಸಿನಲ್ಲಿ ಸಾಲಾಗಿಟ್ಟರೆ ಕಿವಿಗೆ ಸಿಗುವುದು ಒಂದೇ ದಿಕ್ಕು. ಹಿಂದಿನಿಂದ ಬರಬೇಕಾದ ಗದ್ದಲವೂ ಮುಂದಿನಿಂದಲೇ ಬಂದು ಮಾತಿನ ಮೇಲೆ ಬೀಳುತ್ತದೆ.

ಟೇಪು ಹಿಡಿದು ಜಾಗ ಗುರುತಿಸೋಣ

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಕುಳಿತವರ ನೇರ ಮುಂದಿನ ದಿಕ್ಕನ್ನು ಸೊನ್ನೆ ಡಿಗ್ರಿ ಎಂದುಕೊಂಡರೆ ಮುಂದಿನ ಎಡ ಮತ್ತು ಬಲ ಸ್ಪೀಕರ್‌ಗಳು 30 ಡಿಗ್ರಿಯಲ್ಲಿ, ಸರೌಂಡ್‌ಗಳು 100ರಿಂದ 120 ಡಿಗ್ರಿಯಲ್ಲಿ ಇರಬೇಕು. ಮನೆಗಳಲ್ಲಿ ಮುಂದಿನವು 22ರಿಂದ 30 ಡಿಗ್ರಿಯ ನಡುವೆ ಇದ್ದರೂ ಸಾಕು ಎನ್ನುತ್ತದೆ ಡಾಲ್ಬಿ. ಬೂದಿಗೆರೆಯ ಆ ಹಾಲ್‌ನಲ್ಲಿ ಇದು ಹೀಗೆ ಬಂತು:

1. ಟಿವಿ ಇರುವುದು 12 ಅಡಿಯ ಗೋಡೆಯಲ್ಲಿ. ಎಡ ಮತ್ತು ಬಲ ಸ್ಪೀಕರ್‌ಗಳ ನಡುವೆ 8 ಅಡಿ ಬಿಟ್ಟೆವು. ಎರಡೂ ಪಕ್ಕದ ಗೋಡೆಯಿಂದ 2 ಅಡಿ, ಹಿಂದಿನ ಗೋಡೆಯಿಂದ 1 ಅಡಿ ದೂರ. ಕುಳಿತವರ ಕಿವಿಯ ಎತ್ತರಕ್ಕೆ ಇಟ್ಟು ಸೋಫಾದ ಕಡೆಗೆ ತುಸು ತಿರುಗಿಸಿದೆವು.

2. ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ಸೋಫಾವನ್ನು ಮುಂದೆ ತಂದೆವು. ಕುಳಿತವರ ತಲೆಗೂ ಟಿವಿ ಗೋಡೆಗೂ ಈಗ ಸುಮಾರು 9.5 ಅಡಿ. ಕೋನ ಅಳೆದರೆ ಸುಮಾರು 25 ಡಿಗ್ರಿ ಬರುತ್ತದೆ.

3. ನಡುವಿನ ಸ್ಪೀಕರನ್ನು ಬೊಂಬೆಗಳ ಹಿಂದಿನಿಂದ ಬಿಡಿಸಿ, ಟಿವಿಯ ಕೆಳಗೆ ಖಾನೆಯ ಅಂಚಿಗೆ ತಂದೆವು. ಅದು ಮೊಣಕಾಲಿನ ಮಟ್ಟದಲ್ಲಿದ್ದುದರಿಂದ ಕೆಳಗೊಂದು ಮರದ ಚಕ್ಕೆ ಕೊಟ್ಟು ಮುಖವನ್ನು ಮೇಲಕ್ಕೆ ಎತ್ತಿದೆವು.

4. ಸರೌಂಡ್ ಸ್ಪೀಕರ್‌ಗಳನ್ನು ಎರಡೂ ಪಕ್ಕದಲ್ಲಿ, ಕಿವಿಯ ಗೆರೆಗಿಂತ ಸುಮಾರು 2 ಅಡಿ ಹಿಂದೆ, ಕಿವಿಗಿಂತ ತುಸು ಎತ್ತರದಲ್ಲಿ ಇಟ್ಟೆವು. ಒಂದು ಪಕ್ಕದಲ್ಲಿ ಅಡುಗೆಮನೆಗೆ ಹೋಗುವ ದಾರಿ ಇದ್ದುದರಿಂದ ಅಲ್ಲಿಗೆ ಸ್ಟ್ಯಾಂಡ್ ಬೇಕಾಯಿತು.

ಇಷ್ಟಾದರೂ ಸರೌಂಡ್‌ಗಳು ಮುಂದಿನವುಗಳಿಗಿಂತ ಸುಮಾರು 3 ಅಡಿ ಹತ್ತಿರ ಇದ್ದವು. ಒಂದು ಅಡಿ ದಾಟಲು ಸದ್ದಿಗೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸಮಯ ಬೇಕು. ಬಹಳಷ್ಟು ಸೆಟ್‌ಗಳ ಮೆನುವಿನಲ್ಲಿ ಪ್ರತಿ ಸ್ಪೀಕರಿನ ದೂರ ಬರೆಯುವ ಜಾಗ ಇರುತ್ತದೆ. ಅಳತೆ ತುಂಬಿದರೆ ಹತ್ತಿರದ ಸ್ಪೀಕರನ್ನು ಸೆಟ್ ಅಷ್ಟು ತಡಮಾಡಿ ನುಡಿಸುತ್ತದೆ. ಅದೇ ಮೆನುವಿನಲ್ಲಿ ನಡುವಿನ ಸ್ಪೀಕರನ್ನು 2–3 ಡೆಸಿಬೆಲ್ ಏರಿಸಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ವೂಫರ್ ಎಲ್ಲಿಟ್ಟರೂ ನಡೆಯುತ್ತದೆಯೇ?

ಈ ಮಾತು ಅರ್ಧ ನಿಜ. ಸುಮಾರು 80 ಹರ್ಟ್ಸ್‌ಗಿಂತ ತಗ್ಗಿನ ಸದ್ದಿನ ಅಲೆ 14 ಅಡಿಗೂ ಉದ್ದ. ಅದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಇಷ್ಟುದ್ದದ ಅಲೆಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿ ಕೆಲವು ಕಡೆ ಉಬ್ಬುತ್ತವೆ, ಕೆಲವು ಕಡೆ ಅಡಗುತ್ತವೆ. 16 ಅಡಿ ಉದ್ದದ ಕೋಣೆಯಲ್ಲಿ ಇದು ಸುಮಾರು 35 ಹರ್ಟ್ಸ್‌ನಲ್ಲಿ, 12 ಅಡಿ ಅಗಲಕ್ಕೆ ಸುಮಾರು 47 ಹರ್ಟ್ಸ್‌ನಲ್ಲಿ ಶುರುವಾಗುತ್ತದೆ. ಮೂಲೆಯಲ್ಲಿಟ್ಟ ವೂಫರ್ ಗುಂಯ್‌ಗುಡುವುದು ಇದರಿಂದಲೇ.

ಇದಕ್ಕೊಂದು ತಮಾಷೆಯ ಆದರೆ ಕೆಲಸಕ್ಕೆ ಬರುವ ಉಪಾಯವಿದೆ. ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು ಹಾಡೊಂದನ್ನು ಹಾಕಿ. ನೀವು ಗೋಡೆಯ ಬದಿಯಲ್ಲಿ ಅಂಬೆಗಾಲಿಟ್ಟು ಸುತ್ತಿ. ಎಲ್ಲಿ ತಗ್ಗಿನ ಸದ್ದು ಉಬ್ಬದೆ, ಅಡಗದೆ ಹದವಾಗಿ ಕೇಳುತ್ತದೋ ಅಲ್ಲಿ ವೂಫರ್ ಇಡಿ. ಆ ಮನೆಯಲ್ಲಿ ಅಂತಹ ಜಾಗ ಸಿಕ್ಕಿದ್ದು ಮುಂದಿನ ಗೋಡೆಯ ಬಳಿ, ಬಲ ಸ್ಪೀಕರಿನ ಒಳಬದಿಗೆ.

ಕೋಣೆಯೂ ಸದ್ದು ಮಾಡುತ್ತದೆ

ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರುದನಿಸುವುದನ್ನು ನೀವು ಕೇಳಿರಬಹುದು. ನಮ್ಮ ಹಾಲ್‌ಗಳಲ್ಲೂ ಇದೇ ನಡೆಯುತ್ತದೆ, ಬೇಗ ಬೇಗ ಆಗುವುದರಿಂದ ಬೇರೆ ಬೇರೆಯಾಗಿ ಕೇಳುವುದಿಲ್ಲ ಅಷ್ಟೆ. ಟೈಲ್ಸ್, ಸಿಮೆಂಟ್ ಗೋಡೆ, ಆರ್‌ಸಿಸಿ ಛಾವಣಿ ಇವು ಸದ್ದನ್ನು ಹೀರುವುದೇ ಇಲ್ಲ ಎನ್ನಬಹುದು.

ಅಮೆರಿಕದ ವಾಲೆಸ್ ಸಬೈನ್ 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತು ಏಕೆ ತಿಳಿಯುವುದಿಲ್ಲ ಎಂದು ಹುಡುಕಲು ಹೊರಟರು. ಪಕ್ಕದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ತಂದು ಹರಡಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ 12×16 ಅಡಿಯ, 10 ಅಡಿ ಎತ್ತರದ ಖಾಲಿ ಹಾಲ್‌ನಲ್ಲಿ ಸದ್ದು ಅಡಗಲು ಸುಮಾರು 3 ಸೆಕೆಂಡ್ ಬೇಕು. ಅಷ್ಟರೊಳಗೆ ಸಿನಿಮಾದ ಪಾತ್ರ ಹತ್ತು ಅಕ್ಷರ ಮುಂದೆ ಹೋಗಿರುತ್ತದೆ. ಸೋಫಾ, ದಪ್ಪ ಪರದೆ, ಜಮಖಾನ, ಪುಸ್ತಕ ತುಂಬಿದ ಕಪಾಟು ಸೇರಿಸಿದರೆ ಇದನ್ನು ಅರ್ಧ ಸೆಕೆಂಡಿನ ಆಸುಪಾಸಿಗೆ ತರಬಹುದು. ಟಿವಿಗೂ ಸೋಫಾಗೂ ನಡುವೆ ನೆಲಕ್ಕೆ ಜಮಖಾನ ಹಾಸುವುದು ಎಲ್ಲಕ್ಕಿಂತ ಅಗ್ಗದ ಮೊದಲ ಹೆಜ್ಜೆ.

ಅಂಗಡಿಯಲ್ಲಿ ಕೇಳಿಬರುವ ಮಾತುಗಳು

"10,000 ವಾಟ್ ಸೆಟ್ ಸಾರ್!": ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದಿದ್ದರೆ ಆ ಸಂಖ್ಯೆಯನ್ನು ಮರೆತುಬಿಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಆರ್‌ಎಂಎಸ್ ವಾಟ್ ಎಷ್ಟು ಎಂದು ಕೇಳಿ. ವಾಟ್ ಎರಡರಷ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನಿಸಲು ಸುಮಾರು ಹತ್ತರಷ್ಟು ವಾಟ್ ಬೇಕು. ಇದಕ್ಕಿಂತ ಸ್ಪೀಕರಿನ ಸೆನ್ಸಿಟಿವಿಟಿ ನೋಡುವುದು ಲಾಭ. 84 ಡೆಸಿಬೆಲ್ ಸ್ಪೀಕರಿಗೆ ಬೇಕಾದ ಪವರಿನ ಕಾಲು ಭಾಗದಲ್ಲೇ 90 ಡೆಸಿಬೆಲ್‌ನದು ಅಷ್ಟೇ ಜೋರಾಗಿ ನುಡಿಯುತ್ತದೆ.

"ಸ್ಪೀಕರ್ ಹೆಚ್ಚಿದ್ದಷ್ಟೂ ಒಳ್ಳೆಯದು": ಸೋಫಾ ಹಿಂದಿನ ಗೋಡೆಗೆ ಅಂಟಿಯೇ ಇರಬೇಕಾದ ಹಾಲ್‌ನಲ್ಲಿ 7.1 ಸೆಟ್‌ನ ಹಿಂದಿನ ಸ್ಪೀಕರ್‌ಗಳಿಗೆ ಜಾಗವೇ ಇರುವುದಿಲ್ಲ. ಅದೇ ಹಣದಲ್ಲಿ ಒಂದೇ ಸರಣಿಯ ಮೂರು ಒಳ್ಳೆಯ ಮುಂದಿನ ಸ್ಪೀಕರ್ ಕೊಂಡರೆ ಮಾತೂ ಹಾಡೂ ಚೆನ್ನಾಗಿ ಕೇಳುತ್ತವೆ.

"ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ಹೋಗಲ್ಲ": ಸದ್ದನ್ನು ತಡೆಯುವುದು ತೂಕ. ಹಗುರವಾದ ಟ್ರೇ, ಥರ್ಮೋಕೋಲ್ ಅದನ್ನು ತಡೆಯಲಾರವು, ಜೊತೆಗೆ ಬೆಂಕಿ ಹತ್ತುವ ಅಪಾಯ ಬೇರೆ.

ಈ ಕೊನೆಯ ಪ್ರಶ್ನೆ ಬೂದಿಗೆರೆ ಕ್ರಾಸ್ ಸುತ್ತ ಎದ್ದಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ವಾಸಿಸುವವರಿಗೆ ಮುಖ್ಯ. ತಗ್ಗಿನ ಸದ್ದು ಗೋಡೆ, ಛಾವಣಿ ದಾಟಿ ಮೇಲಿನ ಮನೆಯವರ ಮಂಚದವರೆಗೂ ಹೋಗುತ್ತದೆ. ವೂಫರ್ ಕೆಳಗೆ ದಪ್ಪ ರಬ್ಬರ್ ಹಾಕಿದರೆ ನೆಲದ ಅದುರು ತಗ್ಗುತ್ತದೆ, ಗಾಳಿಯಲ್ಲಿ ಹೋಗುವುದು ನಿಲ್ಲುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇಟ್ಟಿವೆ. ರಾತ್ರಿ ವೂಫರ್ ತಗ್ಗಿಸುವುದೇ ನೆಟ್ಟಗಿನ ದಾರಿ.

ತಾತನಿಗೆ ಮಾತು ಕೇಳಿಸಿತೇ?

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಏರುದನಿಯ ಸದ್ದುಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. 'ಸಾಲ' ಎಂದರೋ 'ತಾಳ' ಎಂದರೋ ತಿಳಿಯುವುದಿಲ್ಲ, ಆದರೆ ಯಾರೋ ಮಾತನಾಡಿದ್ದು ಗೊತ್ತಾಗುತ್ತದೆ. ಹೀಗಿರುವಾಗ ವಾಲ್ಯೂಮ್ ಏರಿಸಿದರೆ ತಗ್ಗಿನ ಗುಡುಗೂ ಜೊತೆಗೇ ಏರಿ ಆ ಸಣ್ಣ ಸದ್ದುಗಳನ್ನು ಇನ್ನಷ್ಟು ಮುಚ್ಚಿಬಿಡುತ್ತದೆ. ಎಲ್ಲರ ಕಿವಿಗೂ ಹಿಂಸೆ, ತಾತನಿಗೆ ಪ್ರಯೋಜನವಿಲ್ಲ.

ಜಾಗ ಬದಲಿಸಿ, ಜಮಖಾನ ಹಾಸಿ, ವೂಫರ್ ತಗ್ಗಿಸಿದ ಮೇಲೆ ಅದೇ ದೃಶ್ಯವನ್ನು ಮೊದಲಿಗಿಂತ ಕಡಿಮೆ ವಾಲ್ಯೂಮಿನಲ್ಲಿ ಹಾಕಿದೆವು. "ಏನಂದ?" ಎಂಬ ಪ್ರಶ್ನೆ ಪೂರ್ತಿ ನಿಲ್ಲಲಿಲ್ಲ, ಆದರೆ ಬಹಳ ಕಡಿಮೆಯಾಯಿತು. ನಗುವ ಕಡೆ ತಾತ ಎಲ್ಲರ ಜೊತೆಗೇ ನಕ್ಕರು. ಉಳಿದದ್ದಕ್ಕೆ ಸ್ಪೀಕರ್ ಮದ್ದಲ್ಲ, ಕಿವಿ ಪರೀಕ್ಷೆ ಮಾಡಿಸಿ ಎಂದು ಹೇಳಿ ಬಂದೆವು. ಹೊಸ ಸೆಟ್‌ಗೆಂದು ಎತ್ತಿಟ್ಟಿದ್ದ ಹಣ ಹಾಗೆಯೇ ಇದೆ.

ನಿಮ್ಮ ಮನೆಯಲ್ಲೂ ಮಾತು ಸರಿಯಾಗಿ ಕೇಳುತ್ತಿಲ್ಲವೆಂದರೆ ಅಂಗಡಿಗೆ ಹೋಗುವ ಮೊದಲು ಒಂದು ಭಾನುವಾರ ಈ ಕೆಲಸ ಮಾಡಿ: ನಡುವಿನ ಸ್ಪೀಕರನ್ನು ಬಯಲಿಗೆ ತನ್ನಿ, ಸರೌಂಡ್‌ಗಳನ್ನು ಪಕ್ಕಕ್ಕೆ ಕಳಿಸಿ, ಸೋಫಾವನ್ನು ಗೋಡೆಯಿಂದ ಬಿಡಿಸಿ, ನೆಲಕ್ಕೆ ಏನಾದರೂ ಹಾಸಿ. ಆಮೇಲೂ ಸಮಾಧಾನವಾಗದಿದ್ದರೆ ಆಗ ಹೊಸ ಸೆಟ್‌ನ ಮಾತಾಡೋಣ.